ಮುಂದಿನ ಸವಾರನ ಸೈಕಲ್ಲು

ಪಟ್ಟಣವಾಸಿಯು ವಾಹನವೊಂದನ್ನು ಕೊಂಡಾಗ ತಾನು ಚಲನೆಯನ್ನು ಕೊಂಡೆನೆಂದು ಭಾವಿಸುತ್ತಾನೆ. ಲೆಕ್ಕ ಹಾಕಿ ನೋಡಿದರೆ ಆತನು ಕೊಂಡದ್ದು ಬಹುಮಟ್ಟಿಗೆ ನಿಶ್ಚಲತೆಯನ್ನೇ. ಬೆಳಗ್ಗೆ ಕಚೇರಿಗೆ ಅರ್ಧ ಗಂಟೆ, ಸಂಜೆ ಮನೆಗೆ ಅರ್ಧ ಗಂಟೆ, ನಡುವೆ ಒಮ್ಮೆ ಮಾರುಕಟ್ಟೆಗೋ ದೇವಸ್ಥಾನಕ್ಕೋ ಹೋಗಿಬರುವಷ್ಟು ಹೊತ್ತು. ಇಷ್ಟನ್ನು ಕಳೆದರೆ ದಿನದ ಮಿಕ್ಕ ಕಾಲವೆಲ್ಲ ಆ ವಾಹನವು ಯಾವುದೋ ಗೋಡೆಯ ಮಗ್ಗುಲಲ್ಲಿ ಬಿಸಿಲು ಕಾಯುತ್ತ, ಧೂಳು ಹೊರುತ್ತ, ಊರಿನ ನೆಲವನ್ನು ಆಕ್ರಮಿಸಿ ನಿಂತಿರುತ್ತದೆ. ಒಡೆಯನಿಗೆ ಬೇಡವಾದ ಆ ಹೊತ್ತಿನಲ್ಲಿ ಅದು ಬೇಕಾದವರಿಗೆ ಒದಗಲಿ ಎಂಬುದೇ ಹಂಚಿಕೆಯ ಸೈಕಲ್ಲಿನ ಹಿಂದಿರುವ ಆಲೋಚನೆ. ಆಲೋಚನೆ ಎಷ್ಟು ಸರಳವೋ ನಿರ್ವಹಣೆ ಅಷ್ಟೇ ಜಟಿಲ. ಏಕೆಂದರೆ ಒಬ್ಬನು ಇಳಿದು ಹೋದ ಸೈಕಲ್ಲನ್ನು ಅವನ ಮುಖವನ್ನೇ ಕಾಣದ ಇನ್ನೊಬ್ಬನು ಏರಬೇಕಾದ ಈ ಏರ್ಪಾಟಿನಲ್ಲಿ, ಯಂತ್ರಕ್ಕಿಂತ ಹೆಚ್ಚಾಗಿ ನಗರದ ನಡವಳಿಕೆಯೇ ಪರೀಕ್ಷೆಗೆ ಒಳಗಾಗುತ್ತದೆ.

ಕನ್ನಡನಾಡಿನಲ್ಲಿ ಊರಗಲಕ್ಕೆ ಹಬ್ಬಿದ ವ್ಯವಸ್ಥೆಯೊಂದನ್ನು ಕಟ್ಟಿ ಈ ಪರೀಕ್ಷೆಗೆ ಕುಳಿತ ನಗರ ಮೈಸೂರು. ಜಾಗತಿಕ ಪರಿಸರ ನಿಧಿಯ ನೆರವಿನಿಂದ, ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯವೂ ಮಹಾನಗರ ಪಾಲಿಕೆಯೂ ಕೂಡಿ, 2017ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ 450 ಸೈಕಲ್ಲುಗಳನ್ನು 48 ನಿಲ್ದಾಣಗಳಲ್ಲಿ ಸಾರ್ವಜನಿಕರ ಬಳಕೆಗೆ ಬಿಟ್ಟವು. ಸ್ಥಳದ ಆಯ್ಕೆ ಯೋಗ್ಯವಾಗಿತ್ತೆನ್ನಲು ಕಾರಣಗಳುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗಿನ ಹಾವಳಿಯಿಂದ ತತ್ತರಿಸಿದ ಮೈಸೂರು, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ರಚಿಸಿಕೊಂಡು, ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕಿಗೆ ಎಡೆಯಿರುವ ಬಡಾವಣೆಗಳನ್ನೂ ಅಗಲವಾದ ರಸ್ತೆಗಳನ್ನೂ ನಿರ್ಮಿಸಿಕೊಂಡಿತು. ಆರೋಗ್ಯಕ್ಕೋಸ್ಕರ ಅಂದು ತೆರೆದ ಆ ರಸ್ತೆಗಳು ಒಂದು ಶತಮಾನದ ತರುವಾಯ ಸೈಕಲ್ಲಿಗೆ ಒದಗಿಬಂದವು. ರೈಲು ನಿಲ್ದಾಣ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ, ಅರಮನೆ, ಮೃಗಾಲಯ, ಕುಕ್ಕರಹಳ್ಳಿ ಕೆರೆಯ ದಂಡೆ, ಅದರಾಚೆಯ ಮಾನಸಗಂಗೋತ್ರಿ, ಇವೆಲ್ಲ ಒಂದಕ್ಕೊಂದು ನಡೆದರೆ ತುಸು ದೂರವೆನ್ನಿಸುವ, ಆಟೋ ಹಿಡಿದರೆ ದುಂದೆನ್ನಿಸುವ ಅಂತರದಲ್ಲಿವೆ. ಸೈಕಲ್ಲಿಗೆ ಹೇಳಿಸಿದ ಅಳತೆ ಅದೇ.

ಇಂಥ ವ್ಯವಸ್ಥೆಯಲ್ಲಿ ನಿಲ್ದಾಣವೆಂದರೆ ರಸ್ತೆಯ ಅಂಚಿನಲ್ಲಿ ಸಾಲಾಗಿ ನೆಟ್ಟ ಕಬ್ಬಿಣದ ಗೂಟಗಳು. ಒಂದೊಂದಕ್ಕೂ ಒಂದೊಂದು ಸೈಕಲ್ಲು ಬಂಧಿತ. ಸದಸ್ಯನು ತನ್ನ ಕಾರ್ಡನ್ನು ತಾಗಿಸಿದರೆ ಬೀಗ ಸಡಿಲುತ್ತದೆ. ಹೋದೆಡೆಯಲ್ಲಿ ಮತ್ತೊಂದು ನಿಲ್ದಾಣದ ಗೂಟಕ್ಕೆ ಸಿಕ್ಕಿಸಿದರೆ ಲೆಕ್ಕ ಮುಗಿಯುತ್ತದೆ. ಬಳಕೆಯಿದ್ದವನು ಹಾಗೆ ಸೀದಾ ಏರಿ ಹೊರಟುಬಿಡುವುದಿಲ್ಲ. ಬಗ್ಗಿ ಹೆಬ್ಬೆರಳಿನಿಂದ ಟೈರನ್ನು ಒತ್ತಿ ಗಾಳಿ ನೋಡುತ್ತಾನೆ. ಎರಡೂ ಬ್ರೇಕುಗಳನ್ನು ಹಿಡಿದು ಬಿಡುತ್ತಾನೆ. ಪೆಡಲನ್ನು ಹಿಂದಕ್ಕೊಂದು ಸುತ್ತು ತಿರುಗಿಸಿ ಚೈನು ಕಳಚಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ. ಕೊನೆಗೆ ಸೀಟಿನ ಕೆಳಗಿನ ಹಿಡಿಯನ್ನು ಸಡಿಲಿಸಿ, ತನಗಿಂತ ಗೇಣುದ್ದ ಮಿಗಿಲಾದವನಾರೋ ಏರಿಸಿಟ್ಟು ಹೋದ ಆಸನವನ್ನು ತನ್ನ ಮಟ್ಟಕ್ಕೆ ಇಳಿಸಿಕೊಳ್ಳುತ್ತಾನೆ. ಹಿಂದಿನ ಸವಾರನ ವಿಷಯದಲ್ಲಿ ಇವನಿಗೆ ದೊರೆಯುವ ಸಮಾಚಾರ ಆ ಎತ್ತರವೊಂದೇ.

ಬಾಡಿಗೆ ಸೈಕಲ್ಲು ನಮ್ಮವರಿಗೆ ಹೊಸತೇನೂ ಅಲ್ಲ. ಒಂದು ತಲೆಮಾರಿನ ಹಿಂದೆ ಪ್ರತಿಯೊಂದು ಪೇಟೆಯ ಬೀದಿಯಲ್ಲಿಯೂ ಗಂಟೆಯ ಲೆಕ್ಕದಲ್ಲಿ ಸೈಕಲ್ಲು ಕೊಡುವ ಅಂಗಡಿಯೊಂದು ಇದ್ದೇ ಇರುತ್ತಿತ್ತು. ಪಂಕ್ಚರು ನೋಡುವ ನೀರಿನ ಬಾಣಲೆ, ಗೋಡೆಗೆ ತೂಗುಬಿಟ್ಟ ಹಳೆಯ ಟೈರುಗಳು, ಎಣ್ಣೆ ಮೆತ್ತಿದ ಪುಸ್ತಕದಲ್ಲಿ ಹೆಸರೂ ಸೈಕಲ್ಲಿನ ನಂಬರೂ ಹೊರಟ ವೇಳೆಯೂ. ಸಂಸ್ಥೆಯ ಸಮಸ್ತ ದಫ್ತರವೂ ಅಷ್ಟೆ. ಹುಡುಗರಿಗೆ ಅರ್ಧ ಸೈಕಲ್ಲು, ದೊಡ್ಡವರಿಗೆ ಪೂರ್ಣ. ಅರ್ಧ ಸಿಗದ ದಿನ ಪೂರ್ಣದ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ತುಳಿಯುವುದು. ಆ ವ್ಯವಹಾರದ ಭದ್ರತೆ ನಿಂತಿದ್ದುದು ಪರಿಚಯದ ಮೇಲೆ: ಮಾಲೀಕನಿಗೆ ಹುಡುಗನ ತಂದೆ ಗೊತ್ತು, ಅವರ ಮನೆ ಗೊತ್ತು, ಹುಡುಗನು ಯಾವ ತಿರುವಿನಲ್ಲಿ ಬೀಳುವನೆಂಬುದೂ ಗೊತ್ತು. ಆದಕಾರಣ ಸೈಕಲ್ಲು ಹೊರಟ ಅಂಗಡಿಗೇ ಮರಳತಕ್ಕದ್ದು. ಹೊಸ ವ್ಯವಸ್ಥೆ ಈ ಎರಡನ್ನೂ ಬದಲಿಸಿತು. ಸೈಕಲ್ಲು ಎಲ್ಲಿಂದಲೋ ಹೊರಟು ಇನ್ನೆಲ್ಲಿಯೋ ನಿಲ್ಲಬಹುದಾಯಿತು. ಕೊಡುವವನಿಗೂ ಒಯ್ಯುವವನಿಗೂ ಮುಖಪರಿಚಯ ಬೇಡವಾಯಿತು. ಪರಿಚಯವು ಹೊರುತ್ತಿದ್ದ ಭಾರವನ್ನು ಇನ್ನು ಯಾವುದಾದರೂ ಹೊರಲೇಬೇಕಲ್ಲವೆ? ಅದೇನೆಂದು ಹುಡುಕುತ್ತ ಯುರೋಪಿನ ನಗರಗಳು ನಾಲ್ಕು ದಶಕಗಳನ್ನು ಕಳೆದವು.

1965ರಲ್ಲಿ ಆಮ್‌ಸ್ಟರ್‌ಡಾಮ್ ನಗರದ ಪ್ರೊವೊ ಎಂಬ ತರುಣರ ಬಳಗ, ಲೂಡ್ ಸ್ಕಿಮ್ಮೆಲ್‌ಪೆನಿಂಕ್ ಎಂಬಾತನ ಯೋಜನೆಯಂತೆ, ಕೆಲವು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು ಬೀಗವಿಲ್ಲದೆ ಬೀದಿಯಲ್ಲಿ ನಿಲ್ಲಿಸಿತು. ಬೇಕಾದವರು ಏರಿ ಹೋಗಲಿ, ತಲುಪಿದಲ್ಲಿ ಮುಂದಿನವರಿಗಾಗಿ ಬಿಡಲಿ ಎಂಬ ಆಶಯ, ಬೇಸಗೆಯ ದಾರಿಯಲ್ಲಿ ಅರವಟ್ಟಿಗೆಯ ತಂಬಿಗೆಯನ್ನು ದಾರಿಹೋಕರ ನಂಬುಗೆಗೆ ಬಿಟ್ಟಂತೆಯೇ ಉದಾರವಾದದ್ದು. ಆದರೆ ಬೀಗ ಹಾಕದೆ ಸೈಕಲ್ಲು ನಿಲ್ಲಿಸುವುದು ಅಲ್ಲಿನ ನಿಯಮಕ್ಕೆ ವಿರುದ್ಧವೆಂದು ಪೋಲೀಸರು ಅವನ್ನು ಎತ್ತಿಕೊಂಡು ಹೋದರು. ಮೂರು ದಶಕಗಳ ಮೇಲೆ, 1995ರಲ್ಲಿ, ಕೋಪನ್‌ಹೇಗನ್ ನಾಣ್ಯವೊಂದನ್ನು ಒತ್ತೆಯಿಟ್ಟು ಸೈಕಲ್ಲು ಬಿಡಿಸಿಕೊಳ್ಳುವ ಉಪಾಯವನ್ನು ತಂದಿತು. ಒತ್ತೆ ಅಲ್ಪ, ಒಯ್ದವನು ಅನಾಮಿಕ. ಹೋದವುಗಳಲ್ಲಿ ಎಷ್ಟೋ ಮರಳಲಿಲ್ಲ. 1998ರಲ್ಲಿ ಫ್ರಾನ್ಸಿನ ರೆನ್ ನಗರ ಪ್ರತಿ ಬಳಕೆದಾರನಿಗೂ ಕಾರ್ಡನ್ನು ಕೊಟ್ಟು, ಯಾವ ಸೈಕಲ್ಲು ಯಾರ ಕೈಯಲ್ಲಿದೆಯೆಂಬುದನ್ನು ತಿಳಿಯುವ ಪದ್ಧತಿಯನ್ನು ಹೂಡಿತು. ನಮ್ಮ ಪೇಟೆಯ ಅಂಗಡಿಯವನ ಎಣ್ಣೆ ಮೆತ್ತಿದ ಪುಸ್ತಕ ಹೀಗೆ ವಿದ್ಯುನ್ಮಾನ ರೂಪದಲ್ಲಿ ಮರುಹುಟ್ಟು ಪಡೆಯಿತೆನ್ನಬೇಕು.

ಲಿಯೋನ್ ನಗರದ 2005ರ ಪ್ರಯೋಗವನ್ನು ನೋಡಿ ಪ್ಯಾರಿಸ್ ನಗರವು 2007ರ ಜುಲೈ 15ರಂದು ‘ವೆಲಿಬ್’ ಎಂಬ ತನ್ನ ವ್ಯವಸ್ಥೆಯನ್ನು ತೆರೆದಾಗ, ಹಂಚಿಕೆಯ ಸೈಕಲ್ಲು ಜಗತ್ತಿನ ಗಮನಕ್ಕೆ ಬಂದಿತು. ಅಲ್ಲಿ ಕಂಡುಬಂದ ಒಂದು ಸಂಗತಿ ಸ್ವಾರಸ್ಯಕರವಾದುದು. ಮಾಂಮಾರ್ತ್ರ್, ಬೆಲ್‌ವಿಲ್ ಮೊದಲಾದ ದಿಬ್ಬದ ಮೇಲಿನ ಬಡಾವಣೆಗಳಿಂದ ಜನ ಬೆಳಗ್ಗೆ ಸುಖವಾಗಿ ಇಳಿದು ಬರುತ್ತಿದ್ದರು. ಸಂಜೆ ಹತ್ತಬೇಕಾದಾಗ ಸೈಕಲ್ಲನ್ನು ಕೆಳಗೇ ಬಿಟ್ಟು ಮೆಟ್ರೋ ಹಿಡಿಯುತ್ತಿದ್ದರು. ಮೇಲಿನ ನಿಲ್ದಾಣಗಳು ಬರಿದು, ತಗ್ಗಿನವು ಭರ್ತಿ. ಎತ್ತರದ ನಿಲ್ದಾಣಕ್ಕೆ ಸೈಕಲ್ಲು ತಂದು ಬಿಟ್ಟವರಿಗೆ ಹದಿನೈದು ನಿಮಿಷ ಹೆಚ್ಚಿನ ಉಚಿತ ಕಾಲವನ್ನು ಕೊಡುವುದಾಗಿ ನಗರವು ಸಾರಿತು. ಆದರೂ ಸೈಕಲ್ಲುಗಳನ್ನು ವಾಹನದಲ್ಲಿ ಹೇರಿ ಮೇಲಕ್ಕೆ ಸಾಗಿಸುವ ಕೆಲಸ ತಪ್ಪಲಿಲ್ಲ. ಇಳಿಜಾರು ಇಲ್ಲದ ಊರಿಗೂ ಈ ತೊಡಕು ತಪ್ಪಿದ್ದಲ್ಲ. ಬೆಳಗ್ಗೆ ರೈಲು ಬಂದೊಡನೆ ಒಂದು ನಿಲ್ದಾಣ ಬರಿದಾದರೆ, ಕಚೇರಿಗಳ ಬಳಿಯ ನಿಲ್ದಾಣದಲ್ಲಿ ಸೈಕಲ್ಲು ಸಿಕ್ಕಿಸಲು ಗೂಟವೇ ಉಳಿಯದು. ಆದ್ದರಿಂದ ಸಾರ್ವಜನಿಕ ಸೈಕಲ್ಲಿನ ನಿಜವಾದ ಸಾರಥಿಗಳು ಅದನ್ನು ತುಳಿಯುವವರಲ್ಲ. ನಸುಕಿನಲ್ಲಿಯೂ ರಾತ್ರಿಯಲ್ಲಿಯೂ ತುಂಬಿದಲ್ಲಿಂದ ಬರಿದಾದಲ್ಲಿಗೆ ಸೈಕಲ್ಲು ಹೊರುವ ಕೂಲಿಗಳು, ಹಾಗೂ ಸ್ಪ್ಯಾನರು ಹಿಡಿದು ಅವರ ಬೆನ್ನಿಗಿರುವ ರಿಪೇರಿಯವರು.

ಪ್ಯಾರಿಸಿನ ಸವಾರರಲ್ಲಿ ಯಾವ ಕಾಯಿದೆಯೂ ವಿಧಿಸದ ಒಂದು ರೂಢಿ ಬೆಳೆದುಬಂದಿದೆ. ಬ್ರೇಕು ಹಿಡಿಯದ, ಚೈನು ಜಾರುವ ಸೈಕಲ್ಲನ್ನು ನಿಲ್ದಾಣಕ್ಕೆ ಮರಳಿಸಿದವನು ಅದರ ಆಸನವನ್ನು ಹಿಂದುಮುಂದಾಗಿ ತಿರುಗಿಸಿಟ್ಟು ಹೋಗುತ್ತಾನೆ. ಅವಸರದಲ್ಲಿ ಬಂದ ಇನ್ನೊಬ್ಬನು ದೂರದಿಂದಲೇ ಅದನ್ನು ಕಂಡು ಪಕ್ಕದ ಸೈಕಲ್ಲಿಗೆ ಕೈ ಚಾಚುತ್ತಾನೆ. ತಿರುಗಿಸಿದವನಿಗೆ ಇದರಿಂದ ಕವಡೆಯ ಲಾಭವಿಲ್ಲ. ಕೃತಜ್ಞತೆಯ ಮಾತು ಸಹ ಅವನ ಕಿವಿಗೆ ಬೀಳದು. ಪರಿಚಯವು ಹೊರುತ್ತಿದ್ದ ಭಾರದಲ್ಲಿ ಕಾರ್ಡು ಹೊತ್ತದ್ದು ಅರ್ಧವನ್ನು ಮಾತ್ರ. ಕಳವನ್ನು ಅದು ತಡೆದೀತು. ಬ್ರೇಕು ಕೆಟ್ಟಿತೆಂದು ಹೇಳಿ ಹೋಗುವ ಮನಸ್ಸನ್ನು ಅದು ಕೊಡಲಾರದು. ಮಿಕ್ಕ ಅರ್ಧವನ್ನು ಹೊರಬೇಕಾದುದು, ತನ್ನ ತರುವಾಯ ಬರುವ ಅಪರಿಚಿತನೂ ತನ್ನಂತೆಯೇ ಅವಸರದವನು, ತನ್ನಂತೆಯೇ ಬಿದ್ದರೆ ಪೆಟ್ಟಾಗುವವನು ಎಂಬ ಅರಿವು.

ಈ ಅರಿವಿಗೆ ಎಡೆಯೇ ಇಲ್ಲದಂತೆ ವ್ಯಾಪಾರವು ಬೆಳೆದಾಗ ಏನಾಗುತ್ತದೆಂಬುದನ್ನು ಚೀನಾ ತೋರಿಸಿತು. ನಿಲ್ದಾಣವೇ ಬೇಡ, ಮೊಬೈಲಿನಿಂದ ಬೀಗ ತೆಗೆದು ಎಲ್ಲಿ ಬೇಕೆಂದರಲ್ಲಿ ಬಿಡಿರಿ ಎಂದು 2016–17ರ ಸುಮಾರಿಗೆ ಪೈಪೋಟಿಯ ಕಂಪನಿಗಳು ಅಲ್ಲಿನ ನಗರಗಳಿಗೆ ಸೈಕಲ್ಲುಗಳನ್ನು ಸುರಿದವು. ಕಾಲುದಾರಿಗಳು ಮುಚ್ಚಿದವು, ಊರಹೊರಗಿನ ಬಯಲುಗಳಲ್ಲಿ ಸೈಕಲ್ಲಿನ ಗುಡ್ಡಗಳೆದ್ದವು, 2018ರ ಕೊನೆಗೆ ಓಫೋ ಎಂಬ ಕಂಪನಿಯ ಕಚೇರಿಯ ಮುಂದೆ ಠೇವಣಿ ಹಿಂದಕ್ಕೆ ಕೇಳುವವರ ಸಾಲು ಬೆಳೆಯಿತು. ನಮ್ಮ ಬೆಂಗಳೂರಿನಲ್ಲಿ ಯುಲು ಕಂಪನಿ ಪೆಡಲಿನ ಸೈಕಲ್ಲಿನಿಂದ ಆರಂಭಿಸಿ ವಿದ್ಯುತ್ ವಾಹನಗಳತ್ತ ಹೊರಳಿತು. ಇಂದು ಅವುಗಳ ಮೇಲೆ ಹೆಚ್ಚಾಗಿ ಕಾಣಸಿಗುವವರು ಮನೆಮನೆಗೆ ಊಟವನ್ನೂ ದಿನಸಿಯನ್ನೂ ತಲುಪಿಸುವ ದುಡಿಮೆಗಾರರು. ಇದರಲ್ಲಿ ದೂರತಕ್ಕದ್ದೇನೂ ಇಲ್ಲ. ಹಂಚಿಕೆಯ ವಾಹನದ ಅವಶ್ಯಕತೆ ವಿಹಾರಿಗಿಂತ ದುಡಿಯುವವನಿಗೆ ಹೆಚ್ಚೆಂಬುದು ಇದರಿಂದ ಸ್ಥಿರಪಟ್ಟಿತು.

ಅಂಥವನು ಸೈಕಲ್ಲಿಗೇ ಮರಳಬೇಕೆಂದರೆ ಸೈಕಲ್ಲನ್ನು ಒದಗಿಸಿದ ಮಾತ್ರಕ್ಕೆ ಸಾಲದು. ಬಸ್ಸಿಗೂ ಲಾರಿಗೂ ನಡುವೆ ಸಿಲುಕಿ, ಬೆನ್ನ ಹಿಂದಿನ ಹಾರನ್ನಿಗೆ ಬೆಚ್ಚಿ ಗುಂಡಿಗೆ ಇಳಿಯಬೇಕಾದ ರಸ್ತೆಯಲ್ಲಿ ಮಗಳನ್ನು ಸೈಕಲ್ಲು ತುಳಿಯಲು ಕಳುಹಿಸಲು ಯಾವ ತಾಯಿಗೂ ಧೈರ್ಯ ಬಾರದು. ಬಣ್ಣ ಬಳಿದ ಪಟ್ಟಿಯನ್ನೇ ಸೈಕಲ್ ಪಥವೆಂದು ಕರೆದು, ಮರುದಿನವೇ ಅದರ ಮೇಲೆ ಕಾರು ನಿಲ್ಲಲು ಬಿಟ್ಟರೆ ಆ ಬಣ್ಣದ ಖರ್ಚೂ ವ್ಯರ್ಥ. ಸೈಕಲ್ಲು ಕೊಳ್ಳಲು ಅನುದಾನ ಸುಲಭವಾಗಿ ದೊರೆಯುತ್ತದೆ, ಹಸಿರು ಬಾವುಟ ಬೀಸಲು ಗಣ್ಯರೂ ದೊರೆಯುತ್ತಾರೆ. ಬ್ರೇಕಿನ ರಬ್ಬರಿಗೂ ರಿಪೇರಿಯವನ ಸಂಬಳಕ್ಕೂ ವರ್ಷವರ್ಷವೂ ಹಣ ತೆಗೆದಿಡುವ ಮುಂಗಡಪತ್ರ ದುರ್ಲಭ. ಆದುದರಿಂದ ಯಾವ ನಗರವಾದರೂ ತನ್ನ ಸೈಕಲ್ಲು ಯೋಜನೆ ಗೆದ್ದಿತೆಂದು ಹೇಳಿಕೊಂಡಾಗ, ಉದ್ಘಾಟನೆಯ ದಿನ ಎಷ್ಟು ಸೈಕಲ್ಲುಗಳು ಸಾಲಾಗಿ ನಿಂತಿದ್ದವೆಂದು ಕೇಳಬೇಕಾಗಿಲ್ಲ. ಐದನೆಯ ವರ್ಷದ ಮಳೆಗಾಲದ ಒಂದು ಸಾಮಾನ್ಯ ಸೋಮವಾರದ ಬೆಳಗ್ಗೆ, ಅವುಗಳಲ್ಲಿ ಎಷ್ಟರ ಬ್ರೇಕು ಹಿಡಿಯುತ್ತಿತ್ತೆಂದು ಕೇಳತಕ್ಕದ್ದು.