ಡಬ್ಬಾ ಟಿವಿಯ ಗಾಜು ಯಾರ ಪಾಲಿಗೆ?

ಹಳೆಯ ಡಬ್ಬಾ ಟಿವಿ ಗುಜರಿ ಅಂಗಡಿ ಸೇರಿದರೆ ಮೊದಲ ಏಟು ಬೀಳುವುದು ಪಿಕ್ಚರ್ ಟ್ಯೂಬಿನ ಕತ್ತಿಗೆ. ಕತ್ತು ಮುರಿದರೆ ಅದರ ಸುತ್ತ ಕೂತಿರುವ ಯೋಕ್, ಅಂದರೆ ತಾಮ್ರದ ತಂತಿಯ ಸುರುಳಿ, ಸಲೀಸಾಗಿ ಕೈಗೆ ಬರುತ್ತದೆ. ಆಮೇಲೆ ಬೋರ್ಡು, ಸ್ಪೀಕರು, ಪ್ಲಾಸ್ಟಿಕ್ ಕವಚ ಎಲ್ಲಕ್ಕೂ ಗಿರಾಕಿ ಸಿಗುತ್ತಾರೆ. ಉಳಿಯುವುದು ಗಾಜು. ಟಿವಿಯ ತೂಕದಲ್ಲಿ ದೊಡ್ಡ ಪಾಲು ಅದರದ್ದೇ, ಕೇಳುವವರು ಮಾತ್ರ ಯಾರೂ ಇಲ್ಲ. ಟ್ಯೂಬಿನ ಹಿಂಭಾಗದ ಆಲಿಕೆಯಂಥ ಗಾಜಿನಲ್ಲಿ ಶೇ. 20ರ ಆಸುಪಾಸು ಸೀಸದ ಆಕ್ಸೈಡ್ ಇರುತ್ತದೆ. 20 ಸಾವಿರಕ್ಕೂ ಹೆಚ್ಚು ವೋಲ್ಟಿನ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನುಗಳು ಪರದೆಗೆ ಅಪ್ಪಳಿಸುವಾಗ ಎಕ್ಸ್-ಕಿರಣ ಹುಟ್ಟುತ್ತದೆ. ಅದು ಹೊರಬರದಂತೆ ತಡೆಯಲೆಂದೇ ಸೀಸ ಬೆರೆಸಿದ್ದು. ಸೋಫಾದಲ್ಲಿ ಕೂತು ಧಾರಾವಾಹಿ ನೋಡಿದವರನ್ನು ಕಾಪಾಡಿದ ಸೀಸ, ಗಾಜು ಒಡೆಯುವ ಹುಡುಗನ ಶ್ವಾಸಕೋಶಕ್ಕೆ ಧೂಳಾಗಿ ಇಳಿಯುತ್ತದೆ. ಹಿಂದೆ ಈ ಗಾಜನ್ನು ಕರಗಿಸಿ ಹೊಸ ಟ್ಯೂಬಿಗೇ ಬಳಸುತ್ತಿದ್ದರು. ಚಪ್ಪಟೆ ಟಿವಿ ಬಂದು ಟ್ಯೂಬಿನ ತಯಾರಿಕೆಯೇ ನಿಂತಮೇಲೆ ಕಚ್ಚಾವಸ್ತು ರಾತ್ರೋರಾತ್ರಿ ಕಸವಾಯಿತು. ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಮರುಬಳಕೆಗೆಂದು ಪೇರಿಸಿಟ್ಟಿದ್ದ ಇಂಥ ಗಾಜನ್ನು ಗೋದಾಮುಗಳಲ್ಲೇ ಬಿಟ್ಟು ಕಂಪನಿಯೊಂದು ಬಾಗಿಲು ಹಾಕಿತು; ಸಾವಿರಾರು ಟನ್ ಗಾಜು ಅಲ್ಲಿಯೇ ಕೊಳೆಯಿತು ಎನ್ನೋಣವೆಂದರೆ ಗಾಜು ಕೊಳೆಯುವುದೂ ಇಲ್ಲ.

ಲಾಭವಿಲ್ಲದ ಈ ಕೆಲಸವನ್ನು ಮಾರುಕಟ್ಟೆ ತಾನಾಗಿ ಮಾಡದು. ಹಾಗಾದರೆ ಹೊಣೆ ಯಾರದ್ದು? ತಯಾರಿಸಿದವರದ್ದು ಎಂಬ ತತ್ವವನ್ನು 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಮುಂದಿಟ್ಟರು. ಅವರ ಕಣ್ಣು ಬರೀ ಬಿಲ್ಲಿನ ಮೇಲಿರಲಿಲ್ಲ. ಮುಂದೊಂದು ದಿನ ಬಿಚ್ಚುವ ಖರ್ಚು ತನ್ನ ಮೈಮೇಲೇ ಬರುತ್ತದೆಂದು ಗೊತ್ತಿದ್ದರೆ, ಅಂಟು ಹಾಕುವ ಕಡೆ ಸ್ಕ್ರೂ ಹಾಕುವ ಬುದ್ಧಿ ಕಂಪನಿಗೆ ಬಂದೀತು ಎಂಬುದು ಅದರ ಒಳಗಿನ ಲೆಕ್ಕ. ಆರಂಭದ ಎಲ್‌ಸಿಡಿ ಟಿವಿಗಳನ್ನೇ ನೋಡಿ. ಪರದೆಯ ಹಿಂದೆ ಪೆನ್ಸಿಲ್ಲಿಗಿಂತ ತೆಳುವಾದ, ಪಾದರಸ ತುಂಬಿದ ಗಾಜಿನ ದೀಪಗಳು ಸಾಲಾಗಿರುತ್ತವೆ. ಅವನ್ನು ಮುರಿಯದೆ ಹೊರತೆಗೆಯುವುದು ಸುಲಭವೋ ಕಷ್ಟವೋ ಎಂಬುದು ವಿನ್ಯಾಸಕಾರರ ಮೇಜಿನ ಮೇಲೆಯೇ ತೀರ್ಮಾನವಾಗಿರುತ್ತದೆ, ಗುಜರಿಯಲ್ಲಲ್ಲ.

ಕಂಪನಿ ಈ ಖರ್ಚನ್ನು ಬೆಲೆಗೆ ಸೇರಿಸಿ ಗಿರಾಕಿಯ ತಲೆಗೇ ಕಟ್ಟುವುದಿಲ್ಲವೇ ಎಂದು ಕೇಳಬಹುದು. ಕಟ್ಟಲಿ. ಈಗಲೂ ಖರ್ಚು ಇದ್ದೇ ಇದೆ. ಟಿವಿ ನೋಡದವರು, ಸೀಸ ಇಳಿದ ಬಾವಿಯ ನೀರು ಕುಡಿಯುವವರು ಅದನ್ನು ತೆರುತ್ತಿದ್ದಾರೆ, ಅಷ್ಟೇ. ಜಪಾನ್ 2001ರಿಂದ ಎಸೆಯುವ ದಿನ ಬಳಕೆದಾರನಿಂದ ಶುಲ್ಕ ಪಡೆಯುತ್ತದೆ. ಗುಜರಿಯವನಿಂದಲೇ ನಾಲ್ಕು ಕಾಸು ಚೌಕಾಸಿ ಮಾಡಿ ಪಡೆಯುವ ನಮ್ಮಲ್ಲಿ ಅದು ನಡೆಯದ ಮಾತು; ಶುಲ್ಕವೆಂದರೆ ಟಿವಿ ರಾತ್ರಿ ಹೊತ್ತು ಕೆರೆಯಂಗಳ ಸೇರುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಡಯನೋರಾ, ಸಾಲಿಡೇರ್‌ಗಳಂಥ ಎಂಬತ್ತರ ದಶಕದ ಟಿವಿಗಳಿಗೆ ಈಗ ಯಾರನ್ನು ಹಿಡಿಯುವುದು? ಅಮೆರಿಕದ ಮೇಯ್ನ್ ರಾಜ್ಯ 2006ರಲ್ಲಿ ಜಾರಿಗೆ ತಂದ ಕಾನೂನು ಇದಕ್ಕೆ ದಾರಿ ತೋರಿಸಿತ್ತು. ಪ್ರತಿ ಕಂಪನಿ ತನ್ನ ಹೆಸರಿನ ಸೆಟ್ಟುಗಳ ಖರ್ಚಿನ ಜತೆಗೆ, ವಾರಸುದಾರರಿಲ್ಲದ ಸೆಟ್ಟುಗಳಲ್ಲೂ ಒಂದು ಪಾಲು ಹೊರಬೇಕಿತ್ತು. ತಪ್ಪು ಮಾಡದವರಿಗೆ ದಂಡ ಎಂದು ಇದು ಕಾಣಬಹುದು. ಆದರೆ ಹಳೆಯವರು ಬೆಳೆಸಿದ ಮಾರುಕಟ್ಟೆಯಲ್ಲೇ ಹೊಸಬರು ಫಸಲು ಕೊಯ್ಯುತ್ತಿರುವುದು.

ಭಾರತದಲ್ಲಿ ತಯಾರಕರ ಈ ಹೊಣೆ 2012ರ ಮೇ 1ರಿಂದ ಕಾಗದದ ಮೇಲಿದೆ. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮ ಹೆಚ್ಚು ಬಿಗಿ: ಹಿಂದೆ ಮಾರಿದ ಸರಕಿನ ತೂಕದಲ್ಲಿ ಮೊದಲು ಶೇ. 60, 2027-28ರಿಂದ ಶೇ. 80ರಷ್ಟನ್ನು ಮರುಬಳಕೆ ಮಾಡಿಸಿದ್ದಕ್ಕೆ ಕಂಪನಿ ಪ್ರಮಾಣಪತ್ರ ಕೊಂಡು ತೋರಿಸಬೇಕು. ಟಿವಿಯಂಥ ಸರಕಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ದರ ಗೊತ್ತುಮಾಡಿದಾಗ ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ದರದ ಜಗಳ ಇರಲಿ, ನನಗೆ ಕಾಣುವ ತೊಡಕು ಬೇರೆ. ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಗಳ ಲೆಕ್ಕದಲ್ಲಿ. ಅಪಾಯದ ಭಾಗಗಳನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಬೇಕೆಂದು ನಿಯಮವೇನೋ ಹೇಳುತ್ತದೆ, ಆದರೆ ಹಣ ಹರಿಯುವುದು ಲೋಹದ ಕಡೆಗೆ. ಲೋಹವನ್ನು ಗುಜರಿಯವನು ಯಾವ ಕಾನೂನೂ ಇಲ್ಲದೆ ಹೆಕ್ಕುತ್ತಿದ್ದ. ಸೀಸ ಕರಗಿಸುವ ಕುಲುಮೆಗಳು ಈ ಗಾಜನ್ನು ಒಂದಿಷ್ಟು ತೆಗೆದುಕೊಳ್ಳಬಲ್ಲವು, ಸಾಗಣೆಯ ಖರ್ಚು ಯಾರಾದರೂ ಕೊಟ್ಟರೆ. ಹಾಗೆ ಕುಲುಮೆ ತಲುಪಿದ ಪ್ರತಿ ಕಿಲೋ ಗಾಜಿಗೂ ಒಂದು ಪ್ರಮಾಣಪತ್ರ ಸಿಗುವಂತಾದರೆ, ಟ್ಯೂಬನ್ನು ಒಡೆಯದೆ ಇಡಿಯಾಗಿ ತಂದುಕೊಟ್ಟವನಿಗೆ ಯೋಕಿನ ಬೆಲೆಗಿಂತ ನಾಲ್ಕು ಕಾಸು ಹೆಚ್ಚು ಕೊಡಲು ಮರುಬಳಕೆ ಘಟಕದವರ ಕೈಯಲ್ಲಿ ದುಡ್ಡಿರುತ್ತದೆ.