ಪಿಯಾನೊದ ನಾದವನ್ನು ಆರಿಸುವ ಬಗೆ

ವೀಣೆಯನ್ನು ಕೊಳ್ಳಹೊರಟ ವೈಣಿಕನು ಅದರ ಕೆತ್ತನೆಯನ್ನು ಕಂಡು ಬೆಲೆ ಕಟ್ಟುವುದಿಲ್ಲ. ತಂತಿಯನ್ನು ಮೀಟಿ ಕಿವಿಗೊಡುತ್ತಾನೆ. ಇದು ನಮ್ಮಲ್ಲಿ ಬೇರೂರಿರುವ ಒಳ್ಳೆಯ ಪದ್ಧತಿ. ಆದರೆ ಪಿಯಾನೊದಂತಹ ಪಶ್ಚಿಮದ ವಾದ್ಯದ ಮುಂದೆ ನಿಂತಾಗ ಈ ವಿವೇಕವನ್ನು ನಾವು ಸುಲಭವಾಗಿ ಮರೆಯುತ್ತೇವೆ. ಮರದ ಹೊಳಪು, ಮುಚ್ಚಳದ ಮೇಲಿನ ಹೊಂಬಣ್ಣದ ಹೆಸರು, ವರ್ತಕನ ಮಾತಿನ ಚಾತುರ್ಯ ಇವೇ ನಮ್ಮ ಪರವಾಗಿ ತೀರ್ಪು ಕೊಟ್ಟುಬಿಡುತ್ತವೆ. ಪಿಯಾನೊ ಸುಮಾರು ಇನ್ನೂರು ಕಿಲೋಗ್ರಾಂ ತೂಗುವ ವಸ್ತು. ಒಮ್ಮೆ ಮನೆಯನ್ನು ಹೊಕ್ಕರೆ ಮತ್ತೆ ಹೊರಡುವುದು ಕಷ್ಟ. ಒಂದು ಸಂಸಾರದ ಅನೇಕ ವರ್ಷಗಳ ಉಳಿತಾಯ ಅದಕ್ಕೆ ಸಲ್ಲಬಹುದು. ಆದುದರಿಂದ ಅದನ್ನು ಆರಿಸುವ ಬಗೆಯನ್ನು ಸ್ವಲ್ಪ ವಿಚಾರಮಾಡುವುದು ಅನುಚಿತವಾಗಲಾರದು.

ಈ ವಾದ್ಯ ನಮ್ಮ ನಾಡಿಗೆ ತೀರ ಅಪರಿಚಿತವೇನಲ್ಲ. ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಪಿಯಾನೊವನ್ನು ಶ್ರದ್ಧೆಯಿಂದ ಕಲಿತವರು. ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಿಕೆಗಳಾಗಿ ಹೊರಬಂದದ್ದು ಅವರ ಔದಾರ್ಯದಿಂದಲೇ. ಇಂದಾದರೋ ವಿದ್ಯುತ್ತಿನಿಂದ ನುಡಿಯುವ ಡಿಜಿಟಲ್ ಪಿಯಾನೊಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಅವುಗಳಿಗೆ ಶ್ರುತಿಮಾಡುವ ತೊಂದರೆಯಿಲ್ಲ. ನೆರೆಹೊರೆಯವರ ನಿದ್ರೆಗೂ ಭಂಗವಿಲ್ಲ. ಹೀಗಿದ್ದೂ ಒಬ್ಬನು ಮರ ಮತ್ತು ತಂತಿಗಳ ಪಿಯಾನೊವನ್ನೇ ಬಯಸಿದರೆ ಅದಕ್ಕೆ ಮುಖ್ಯ ಕಾರಣ ಅದರ ಸಹಜ ನಾದ. ಅಂದಮೇಲೆ ನಾದವನ್ನು ಪರೀಕ್ಷಿಸದೆ ಅದನ್ನು ಕೊಳ್ಳುವುದು ಪರಿಮಳವನ್ನು ನೋಡದೆ ಮಲ್ಲಿಗೆಯನ್ನು ಕೊಂಡಂತೆ.

ನಾದ ಹುಟ್ಟುವ ಕ್ರಮವನ್ನು ಮೊದಲು ತಿಳಿಯಬೇಕು. ಇಟಲಿಯ ಫ್ಲಾರೆನ್ಸ್ ನಗರದ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ 1700ರ ಸುಮಾರಿಗೆ ಈ ವಾದ್ಯವನ್ನು ನಿರ್ಮಿಸಿದನು. ಅದುವರೆಗಿನ ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಬೆರಳಿನ ಬಲಕ್ಕೆ ತಕ್ಕಂತೆ ಧ್ವನಿಯನ್ನು ಹೆಚ್ಚುಕಡಮೆ ಮಾಡುವುದು ಸಾಧ್ಯವಿರಲಿಲ್ಲ. ಕ್ರಿಸ್ಟೊಫೊರಿಯು ತಂತಿಗೆ ಸುತ್ತಿಗೆಯಿಂದ ಹೊಡೆಯುವ ಏರ್ಪಾಡನ್ನು ಮಾಡಿದನು. ಮೆಲುದನಿ, ಬಿರುದನಿ ಎಂಬ ಅರ್ಥದ 'ಪಿಯಾನೊ', 'ಫೋರ್ಟೆ' ಎಂಬ ಎರಡು ಮಾತುಗಳು ಸೇರಿಯೇ ಅದರ ಹೆಸರಾಯಿತು. ಇಂದಿನ ಪಿಯಾನೊದಲ್ಲಿ ಸಾಮಾನ್ಯವಾಗಿ 52 ಬಿಳಿಯ ಕೀಲಿಗಳೂ 36 ಕರಿಯ ಕೀಲಿಗಳೂ ಸೇರಿ 88 ಕೀಲಿಗಳಿರುತ್ತವೆ. ತಂತಿಗಳು ಸುಮಾರು 230. ಇವುಗಳ ಒಟ್ಟು ಬಿಗಿತವು ಹದಿನೆಂಟು ಇಪ್ಪತ್ತು ಟನ್ನುಗಳಷ್ಟಾಗುವುದರಿಂದ ಅದನ್ನು ತಡೆಯಲು ಎರಕದ ಕಬ್ಬಿಣದ ಚೌಕಟ್ಟು ಬೇಕು.

ನಾದದ ಗುಣವನ್ನು ಮುಖ್ಯವಾಗಿ ಮೂರು ಅಂಗಗಳು ನಿರ್ಧರಿಸುತ್ತವೆ. ಮೊದಲನೆಯದು ತಂತಿಯ ಉದ್ದ. ಗಿಡ್ಡ ಪಿಯಾನೊದಲ್ಲಿ ಮಂದ್ರದ ತಂತಿಗಳನ್ನು ಬೇಕಾದಷ್ಟು ಉದ್ದ ಮಾಡಲಾಗದು. ತಾಮ್ರದ ಸುತ್ತನ್ನು ಹೆಚ್ಚು ದಪ್ಪವಾಗಿಸಿ ಅವುಗಳ ತೂಕವನ್ನು ಏರಿಸಬೇಕಾಗುತ್ತದೆ. ಗಿಡ್ಡವೂ ದಪ್ಪವೂ ಆದ ತಂತಿ ಪೆಡಸು. ಅದರ ಉಪಸ್ವರಗಳು ತಮ್ಮ ಸ್ಥಾನದಿಂದ ಸರಿದು ನಾದ ಕಲಕಿದಂತಾಗುತ್ತದೆ. ಎರಡನೆಯದು ನಾದಫಲಕ. ತಂತಿಯ ಕಂಪನವು ಕುದುರೆಯ ಮೂಲಕ ಈ ತೆಳುವಾದ ಹಲಗೆಗೆ ಇಳಿದು ಕೋಣೆಯನ್ನು ತುಂಬುತ್ತದೆ. ವೀಣೆಗೆ ಹಲಸು ಹೇಗೋ ಇದಕ್ಕೆ ತಣ್ಣನೆಯ ದೇಶಗಳ ಸ್ಪ್ರೂಸ್ ಮರ ಹಾಗೆ. ಮೂರನೆಯದು ಸುತ್ತಿಗೆಯ ತಲೆಗೆ ಹೊದಿಸಿದ ಫೆಲ್ಟ್, ಎಂದರೆ ಒತ್ತಿ ಗಟ್ಟಿಮಾಡಿದ ಉಣ್ಣೆ. ಅದು ಗಡುಸಾದರೆ ನಾದವು ಪ್ರಖರ, ಮೃದುವಾದರೆ ಸೌಮ್ಯ.

ಇವುಗಳಲ್ಲಿ ಒಂದು ಭೇದವನ್ನು ಗಮನಿಸಬೇಕು. ಫೆಲ್ಟನ್ನು ನಿಪುಣನು ಸೂಜಿಯಿಂದ ಚುಚ್ಚಿ ಸಡಿಲಿಸಿ ಪ್ರಖರತೆಯನ್ನು ತಗ್ಗಿಸಬಲ್ಲನು. ಬಿರಡೆಗಳು ಬಿಗಿಯಾಗಿದ್ದರೆ ಶ್ರುತಿಯನ್ನು ಎಂದು ಬೇಕಾದರೂ ಸರಿಪಡಿಸಬಹುದು. ಹೊರಮೈಗೆ ಹೊಸ ಹೊಳಪನ್ನು ಕೊಡಬಹುದು. ಆದರೆ ತಂತಿಯ ಉದ್ದವನ್ನು ಯಾರೂ ಬೆಳೆಸಲಾರರು. ಸತ್ತ ನಾದಫಲಕಕ್ಕೆ ಜೀವ ಬರಿಸುವುದು ಹೊಸ ಪಿಯಾನೊ ಕಟ್ಟಿದಷ್ಟೇ ದುಬಾರಿ. ಆದುದರಿಂದ ತಿದ್ದಬಹುದಾದುದಕ್ಕೆ ಮರುಳಾಗದೆ, ತಿದ್ದಲಾಗದುದನ್ನು ನೋಡಿ ಆರಿಸಬೇಕು. ಈ ಲೇಖನದ ಸಾರವೆಲ್ಲ ಇಷ್ಟೇ.

ಹೆಸರಾಂತ ತಯಾರಕರ ವಿಷಯವೇನು? ನ್ಯೂಯಾರ್ಕಿನ ಸ್ಟೈನ್‌ವೇ, ಬರ್ಲಿನ್ನಿನ ಬೆಕ್‌ಸ್ಟೈನ್, ಲೈಪ್‌ಜಿಗ್ಗಿನ ಬ್ಲೂತ್ನರ್ ಈ ಮೂರೂ ಸಂಸ್ಥೆಗಳು 1853ರಲ್ಲಿಯೇ ಹುಟ್ಟಿದವು. ವಿಯೆನ್ನದ ಬೋಸೆನ್‌ಡಾರ್ಫರ್ 1828ರದು. ಒಂದೊಂದಕ್ಕೂ ತನ್ನದೇ ಕಂಠವುಂಟು. ಬ್ಲೂತ್ನರನ ಗ್ರಾಂಡ್ ಪಿಯಾನೊಗಳಲ್ಲಿ ತಾರಸ್ಥಾಯಿಯ ಮೂರು ತಂತಿಗಳ ಪಕ್ಕದಲ್ಲಿ ಸುತ್ತಿಗೆ ಮುಟ್ಟದ ನಾಲ್ಕನೆಯ ತಂತಿಯೊಂದಿರುತ್ತದೆ. ಸಿತಾರಿನ ತರಫ್ ತಂತಿಗಳಂತೆ ಅದು ಅನುರಣನದಿಂದಲೇ ನುಡಿಯುತ್ತದೆ. ಆದರೂ ಹೆಸರು ಭರವಸೆಯ ಚೀಟಿಯಲ್ಲ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಪಿಯಾನೊಗಳು ಮರದ ಸ್ವಭಾವದಿಂದ ಬೇರೆ ಬೇರೆಯಾಗಿ ನುಡಿಯುವುದುಂಟು. ಕೇಳಿದ ವಾದ್ಯವನ್ನೇ ಕೊಳ್ಳಬೇಕು, ಅದರ ಜೊತೆಯದನ್ನಲ್ಲ.

ಇನ್ನು ಪರೀಕ್ಷೆಯ ಕ್ರಮ. ಶ್ರುತಿಮಾಡಿದ ಮೇಲೆಯೇ ಕೇಳಬೇಕು. ಮೇಲಿನ ಸ್ವರಗಳಿಗೆ ಮೂರು ಮೂರು ತಂತಿಗಳಿರುವುದರಿಂದ ಅವು ತಮ್ಮೊಳಗೆ ಕೂಡದಿದ್ದರೆ ಒಳ್ಳೆಯ ವಾದ್ಯವೂ ಕೆಟ್ಟದ್ದೆನಿಸುತ್ತದೆ. ಚೆನ್ನಾಗಿ ಬಲ್ಲ ಒಂದೇ ರಚನೆಯನ್ನು ಎಲ್ಲ ವಾದ್ಯಗಳಲ್ಲಿಯೂ, ಮೊದಲು ಮೆಲ್ಲಗೆ ಆಮೇಲೆ ಗಟ್ಟಿಯಾಗಿ ನುಡಿಸಬೇಕು. ಗಟ್ಟಿಯಾದಾಗ ಧ್ವನಿ ಹೆಚ್ಚಿದರಷ್ಟೇ ಸಾಲದು, ಅದರ ಬಣ್ಣವೂ ಬದಲಾಗಬೇಕು. ಅತಿ ಕೆಳಗಿನ ಕೀಲಿಗಳನ್ನು ಒತ್ತಿ, ಯಾವ ಸ್ವರವೆಂಬುದನ್ನು ಕಿವಿ ಗುರುತಿಸಬಲ್ಲುದೇ ಎಂದು ನೋಡಬೇಕು. ಬರಿಯ ಗುಡುಗು ಕೇಳಿಸಿದರೆ ತಂತಿ ಗಿಡ್ಡವೆಂದು ತಿಳಿಯಬೇಕು. ಮಧ್ಯಸ್ಥಾಯಿಯ ಒಂದು ಕೀಲಿಯನ್ನು ಒತ್ತಿ ಹಿಡಿದು ನಾದವು ಕ್ರಮವಾಗಿ ಕರಗುವುದೋ ಥಟ್ಟನೆ ಕುಸಿಯುವುದೋ ಗಮನಿಸಬೇಕು. ತಾಮ್ರ ಸುತ್ತಿದ ತಂತಿ ಮುಗಿದು ಬರಿಯ ಉಕ್ಕಿನ ತಂತಿ ಮೊದಲಾಗುವಲ್ಲಿ ಕಂಠ ಒಡೆದಂತೆ ಕೇಳಿಸಬಾರದು. ಕೊನೆಗೆ ಇನ್ನೊಬ್ಬರಿಂದ ನುಡಿಸಿ ತಾವು ದೂರದಲ್ಲಿ ಕುಳಿತು ಕೇಳಬೇಕು. ಹಳೆಯ ವಾದ್ಯವಾದರೆ ಬಿರಡೆ ಸಡಿಲಿದೆಯೇ, ಫಲಕ ಬಿರಿದಿದೆಯೇ, ಫೆಲ್ಟಿಗೆ ನುಸಿ ಹಿಡಿದಿದೆಯೇ ಎಂದು ಬಲ್ಲವರಿಂದ ನೋಡಿಸಬೇಕು.

ತಂಬೂರಿಯ ಜೊತೆ ಬೆಳೆದ ಕಿವಿಯವರಿಗೆ ಒಂದು ಎಚ್ಚರಿಕೆ. ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ಆದಕಾರಣ ಅದರ ಅಂತರ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಸುಮಾರು ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು ಏರಿರುತ್ತದೆ. ಇದು ವಾದ್ಯದ ದೋಷವಲ್ಲ, ಆ ಪದ್ಧತಿಯ ಲಕ್ಷಣ. ಈ ಕಾರಣಕ್ಕಾಗಿ ಒಳ್ಳೆಯ ಪಿಯಾನೊವನ್ನು ತಿರಸ್ಕರಿಸಬಾರದು.

ಮನೆಯ ಕೋಣೆಯೂ ವಾದ್ಯದ ಒಂದು ಅಂಗವೇ. ಅಂಗಡಿಯ ವಿಶಾಲವಾದ ಹಜಾರದಲ್ಲಿ ಗಂಭೀರವಾಗಿ ಕೇಳಿದ ನಾದವು ನಮ್ಮ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಕಿವಿಯನ್ನು ಇರಿಯಬಹುದು. ಕಾವಿಯ ಗಾರೆನೆಲ, ಬೋಳುಗೋಡೆಗಳು ಧ್ವನಿಯನ್ನು ಮರಳಿಸುತ್ತವೆ. ಜಮಖಾನ, ಪರದೆ, ಪುಸ್ತಕದ ಬೀರುಗಳು ಅದನ್ನು ಹೀರುತ್ತವೆ. ಬೋಳು ಕೋಣೆಗೆ ಸೌಮ್ಯವಾದ ವಾದ್ಯ, ವಸ್ತುಗಳಿಂದ ತುಂಬಿದ ಕೋಣೆಗೆ ಸ್ವಲ್ಪ ಪ್ರಖರವಾದುದು ಒಪ್ಪುತ್ತದೆ. ತೇವವು ಮತ್ತೊಂದು ಶತ್ರು. ಮಂಗಳೂರಿನಂತಹ ಕಡಲಂಚಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಫಲಕ ಉಬ್ಬಿ ಶ್ರುತಿ ಏರುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಬೇಸಗೆಯಲ್ಲಿ ಮರ ಒಣಗಿ ಶ್ರುತಿ ಇಳಿಯುತ್ತದೆ. ಕಿಟಕಿಗೂ ಬಿಸಿಲಿಗೂ ದೂರವಾಗಿ, ಒಳಗೋಡೆಯ ಬಳಿ ಪಿಯಾನೊವನ್ನು ಇರಿಸುವುದು ಕ್ಷೇಮ.

ಇಷ್ಟೆಲ್ಲ ಎಚ್ಚರಿಕೆ ಯಾತಕ್ಕೆಂದು ಕೆಲವರು ಕೇಳಬಹುದು. ಪಿಯಾನೊ ಹೆಚ್ಚಾಗಿ ಮನೆಗೆ ಬರುವುದು ಕಲಿಯುವ ಮಗುವಿಗಾಗಿ. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಒಂದೇ ಬಗೆಯಾಗಿ ನುಡಿಯುವ ವಾದ್ಯದಲ್ಲಿ ದಿನವೂ ಅಭ್ಯಾಸಮಾಡುವ ಮಗುವು ಆ ಎರಡಕ್ಕೂ ಭೇದವಿದೆಯೆಂಬುದನ್ನೇ ಅರಿಯದೆ ಬೆಳೆಯುತ್ತದೆ. ಬೆರಳು ಪಳಗಿದರೂ ಕಿವಿ ಪಳಗುವುದಿಲ್ಲ. ವಾದ್ಯವನ್ನು ಮುಂದೆ ಬದಲಾಯಿಸಬಹುದು, ಎಳವೆಯಲ್ಲಿ ಕಟ್ಟಿಹೋದ ಕಿವಿಯನ್ನು ತೆರೆಸುವುದು ಕಷ್ಟ. ಆದುದರಿಂದ ಹಣದ ಚೀಲವನ್ನು ಬಿಚ್ಚುವ ಮೊದಲು ಕಿವಿಯನ್ನು ಬಿಚ್ಚೋಣ.