ಕಾರ್ಖಾನೆ ಮುಚ್ಚಿದ ಮೇಲೂ ಓಡುವ ಎಂಜಿ

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಂಜಿ ಎಂದರೆ ಹೆಕ್ಟರ್, ಕಾಮೆಟ್, ವಿಂಡ್ಸರ್. ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಈ ಕಾರುಗಳ ಮೂತಿಯ ಮೇಲಿರುವ ಅಷ್ಟಕೋನದ ಬಿಲ್ಲೆ ಈಗ ಚೀನಾದ ಎಸ್‌ಎಐಸಿ ಕಂಪನಿಯ ಸೊತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಸಮೀಪದ ಆಬಿಂಗ್ಡನ್‌ನಲ್ಲಿ ವಿಚಾರಿಸಿದರೆ ಕಥೆ ಬೇರೆ. ಅಲ್ಲಿಯವರ ಮಟ್ಟಿಗೆ ಎಂಜಿ ಎಂದರೆ ಇಬ್ಬರಿಗಷ್ಟೇ ಜಾಗವಿರುವ, ಮಳೆ ಬಂದರೆ ಬಟ್ಟೆಯ ಚಾವಣಿ ಎಳೆದುಕೊಳ್ಳಬೇಕಾದ ಪುಟ್ಟ ಸ್ಪೋರ್ಟ್ಸ್ ಕಾರು. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಅದರ ಮಗ್ಗುಲಲ್ಲೇ ಇರುವ ಕಿಂಬರ್ ಹೌಸ್‌ನಲ್ಲಿ ಮಾತ್ರ ಇಂದಿಗೂ ಕೆಲಸ ನಡೆಯುತ್ತಿದೆ. ಅದು ಎಂಜಿ ಕಾರ್ ಕ್ಲಬ್‌ನ ಕಚೇರಿ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ವಿಲಿಯಂ ಮಾರಿಸ್‌ಗೆ ಸೇರಿದ ಈ ಆಕ್ಸ್‌ಫರ್ಡ್ ಗ್ಯಾರೇಜಿಗೆ 1922ರಲ್ಲಿ ಮ್ಯಾನೇಜರ್ ಆದ ಸೆಸಿಲ್ ಕಿಂಬರ್, ಸಾದಾ ಮಾರಿಸ್ ಕಾರುಗಳ ಚಾಸಿಗೆ ಚೆಂದದ ಮೈಕಟ್ಟು ಕೂರಿಸಿ ಮಾರತೊಡಗಿದರು. 1928ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಅವರು ಮುಂದಿಟ್ಟ ಎಂ ಟೈಪ್ ಮಿಜೆಟ್‌ಗೆ 847 ಸಿಸಿಯ ಎಂಜಿನ್, ಬಟ್ಟೆ ಹೊದಿಸಿದ ಮರದ ಮೈ, 175 ಪೌಂಡ್ ಬೆಲೆ. ಸಿರಿವಂತರ ಆಟಿಕೆಯಾಗಿದ್ದ ಸ್ಪೋರ್ಟ್ಸ್ ಕಾರು ಮಧ್ಯಮ ವರ್ಗದ ಯುವಕರ ಕೈಗೂ ಎಟುಕಿತು. ಮರುವರ್ಷವೇ ಕಿಂಬರ್ ಆಬಿಂಗ್ಡನ್‌ಗೆ ಸ್ಥಳಾಂತರಗೊಂಡರು. ಅಲ್ಲಿನ ಟೆಲಿಫೋನ್ ಸಂಖ್ಯೆ 251. ಹೊಸ ಮಾದರಿ ಬಂದಾಗಲೆಲ್ಲ ಚಾಸಿ ಸಂಖ್ಯೆಯನ್ನು 0251ರಿಂದ ಆರಂಭಿಸುವ ರೂಢಿ ಬೆಳೆದದ್ದು ಹಾಗೆ.

ಕ್ಲಬ್ ಕಟ್ಟಿದ್ದು ಕಂಪನಿಯಲ್ಲ, ಕಾರು ಕೊಂಡವರು. ಎಂಜಿ ಮಾಲೀಕರೆಲ್ಲ ಯಾಕೆ ಒಂದೆಡೆ ಸೇರಬಾರದು ಎಂದು ಒಬ್ಬರು 1930ರಲ್ಲಿ ‘ದಿ ಲೈಟ್ ಕಾರ್’ ಪತ್ರಿಕೆಗೆ ಪತ್ರ ಬರೆದರು. ಆ ಅಕ್ಟೋಬರ್‌ನಲ್ಲಿ ಹರ್ಟ್‌ಫರ್ಡ್‌ಶೈರ್‌ನ ರೋಬಕ್ ಎಂಬ ಪಬ್ಬಿನಲ್ಲಿ ಮೊದಲ ಸಭೆ ಸೇರಿತು. ಲೆಕ್ಕಪರಿಶೋಧನೆ ಕಲಿಯುತ್ತಿದ್ದ ಇಪ್ಪತ್ತೊಂದರ ಹರೆಯದ ಜಾನ್ ಥಾರ್ನ್‌ಲಿ ಕಾರ್ಯದರ್ಶಿಯಾದರು. ಮರುವರ್ಷ ಎಂಜಿ ಕಂಪನಿಯಲ್ಲೇ ನೌಕರಿ ಹಿಡಿದ ಈತ 1952ರಲ್ಲಿ ಅದರ ಜನರಲ್ ಮ್ಯಾನೇಜರ್ ಆಗಿ, 1969ರಲ್ಲಿ ನಿವೃತ್ತರಾದರು. ಗಿರಾಕಿಗಳ ಸಂಘದ ಕಾರ್ಯದರ್ಶಿಯೇ ಕಾರ್ಖಾನೆಯ ಯಜಮಾನನಾದ ಉದಾಹರಣೆ ಮೋಟಾರು ಉದ್ಯಮದಲ್ಲಿ ಅಪರೂಪ.

ಇಂಥ ಕಾರಿಗೆ ಕ್ಲಬ್ಬಿನ ನೆರವು ಯಾಕೆ ಬೇಕು? ಒಂದು ಬೋಲ್ಟ್ ಬಿಚ್ಚಿ ನೋಡಿದರೆ ಸಾಕು.

1945ರಿಂದ 1949ರವರೆಗೆ ತಯಾರಾದ ಟಿಸಿ ಮಾದರಿಯ 1250 ಸಿಸಿ ಎಂಜಿನ್‌ನ ಬೋಲ್ಟುಗಳ ತಲೆಗೆ ಬ್ರಿಟನ್ನಿನ ವಿಟ್ವರ್ತ್ ಅಳತೆಯ ಸ್ಪ್ಯಾನರ್ ಹಿಡಿಯುತ್ತದೆ. ಆದರೆ ಅದರ ಥ್ರೆಡ್ ಮೆಟ್ರಿಕ್! ಮೊದಲ ಮಹಾಯುದ್ಧದಲ್ಲಿ ಮೆಷಿನ್‌ಗನ್ ತಯಾರಿಸಲೆಂದು ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆದಿತ್ತು. 1923ರಲ್ಲಿ ಅದನ್ನು ಕೊಂಡ ಮಾರಿಸ್‌ಗೆ ಕಟ್ಟಡದ ಜೊತೆ ಫ್ರೆಂಚ್ ಅಳತೆಯ ಯಂತ್ರಗಳೂ ಬಂದವು. ಯಂತ್ರ ಬದಲಿಸುವುದು ದುಬಾರಿ, ಇಂಗ್ಲಿಷ್ ಮೆಕ್ಯಾನಿಕ್‌ನ ಪೆಟ್ಟಿಗೆಯಲ್ಲಿ ಇರುವುದು ವಿಟ್ವರ್ತ್ ಸ್ಪ್ಯಾನರ್. ಹೀಗಾಗಿ ಬೋಲ್ಟಿನ ಮೈ ಒಂದು ದೇಶದ್ದು, ತಲೆ ಇನ್ನೊಂದರದ್ದು. ಇಂದು ಅಂಗಡಿಯಲ್ಲಿ ಸಿಗುವ ಮಾಮೂಲಿ ಎಂಟು ಮಿ.ಮೀ. ಬೋಲ್ಟಿನ ಥ್ರೆಡ್ ಅಂತರ 1.25 ಮಿ.ಮೀ., ಇದಕ್ಕೆ ಬೇಕಾದದ್ದು 1 ಮಿ.ಮೀ. ಗೊತ್ತಿಲ್ಲದವರು ಬಲವಂತವಾಗಿ ತಿರುಗಿಸಿದರೆ ಎಂಜಿನ್ ಬ್ಲಾಕ್‌ನ ತೂತೇ ಹಾಳು.

ಮೈಯೊಳಗಿನ ಚೌಕಟ್ಟು ಆಶ್ ಮರದ್ದು. ತೇವ ಹೀರಿದರೆ ಬಾಗಿಲು ಜೋತುಬೀಳುತ್ತದೆ. ಹತ್ತೊಂಬತ್ತು ಇಂಚಿನ ಕಡ್ಡಿಚಕ್ರಗಳನ್ನು ಹಿಡಿದಿಡುವುದು ನಡುವಿನ ಒಂದೇ ನಟ್. ಅದರ ಎರಡು ಕಿವಿಗಳಿಗೆ ಮೆದು ಲೋಹದ ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು. ಕಾರಿನ ಎಡಬದಿಯಲ್ಲಿ ಒಂದು ದಿಕ್ಕಿಗೆ ಬಿಗಿಯಾದರೆ ಬಲಬದಿಯಲ್ಲಿ ಅದರ ವಿರುದ್ಧ ದಿಕ್ಕಿಗೆ. ಇಂಥದ್ದೆಲ್ಲ ಹಳಬರಿಂದ ಹೊಸಬರಿಗೆ ದಾಟುವುದು ‘ನಾಗಿನ್ ಅಂಡ್ ನ್ಯಾಟರ್’ ಎಂದು ಸದಸ್ಯರು ಕರೆಯುವ ಪಬ್ಬಿನ ಹರಟೆಕೂಟಗಳಲ್ಲಿ, ಬಾನೆಟ್ ಎತ್ತಿ ನಿಂತ ಪಾರ್ಕಿಂಗ್ ಜಾಗದಲ್ಲಿ.

ಟಿಸಿ ತಯಾರಾದದ್ದು 10,000. ಅದರಲ್ಲಿ ಸುಮಾರು 2,000 ಅಮೆರಿಕಕ್ಕೆ ಹೋದವು, ಸ್ಟಿಯರಿಂಗ್ ಬಲಗಡೆಯೇ ಇಟ್ಟುಕೊಂಡು. ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಸೈನಿಕರು ಹತ್ತಿಸಿಕೊಂಡ ಹುಚ್ಚು ಅಲ್ಲಿ ಸ್ಪೋರ್ಟ್ಸ್ ಕಾರುಗಳ ಒಂದು ಸಂಸ್ಕೃತಿಯನ್ನೇ ಹುಟ್ಟುಹಾಕಿತು.

ಕ್ಲಬ್ಬಿನ ಒಳಗೆ ಮಾದರಿವಾರು ‘ರಿಜಿಸ್ಟರ್’ಗಳಿವೆ. ಯುದ್ಧಪೂರ್ವದ ಮಿಜೆಟ್, ಮ್ಯಾಗ್ನಾ, ಮ್ಯಾಗ್ನೆಟ್‌ಗಳಿಗೆ ಟ್ರಿಪಲ್ ಎಂ, ಟಿಸಿಯಂಥವಕ್ಕೆ ಟಿ, ಹೀಗೆ. ಉಳಿದಿರುವ ಕಾರುಗಳ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಕೈ ಬದಲಾದ ಇತಿಹಾಸವನ್ನು ಇವು ದಾಖಲಿಸುತ್ತವೆ. 1933ರಲ್ಲಿ ಟಾಜಿಯೊ ನುವೊಲಾರಿ ಅಲ್ಸ್ಟರ್‌ನ ಟಿಟಿ ರೇಸ್ ಗೆದ್ದದ್ದು ಕೆ3 ಮ್ಯಾಗ್ನೆಟ್‌ನಲ್ಲಿ. ಕಾರ್ಖಾನೆ ಮಾಡಿದ ಕೆ3ಗಳು 33 ಮಾತ್ರ. ಸಾಮಾನ್ಯ ಮ್ಯಾಗ್ನೆಟ್‌ನ ಚಾಸಿ ಬಳಸಿ ಕಟ್ಟಿದ ನಕಲುಗಳು ಬಹಳ. ಕೊಳ್ಳುವವರಿಗೆ ಅಸಲಿ ಯಾವುದೆಂದು ತಿಳಿಯಲು ಇಂಥ ದಾಖಲೆಯೇ ಆಧಾರ.

ಆಬಿಂಗ್ಡನ್‌ಗೆ ಬಂದು ಐವತ್ತು ವರ್ಷವಾಯಿತೆಂದು 1979ರ ಸೆಪ್ಟೆಂಬರ್‌ನಲ್ಲಿ ಊರೇ ಸಂಭ್ರಮಿಸಿತು. ಅದರ ಬೆನ್ನಿಗೇ, 10ನೇ ತಾರೀಖು ಸೋಮವಾರ, ಕಾರ್ಖಾನೆ ಮುಚ್ಚುವುದಾಗಿ ಆಗಿನ ಮಾಲೀಕ ಬ್ರಿಟಿಷ್ ಲೇಲ್ಯಾಂಡ್ ಘೋಷಿಸಿತು. ಅಷ್ಟು ಹೊತ್ತಿಗೆ 1962ರಲ್ಲಿ ಬಂದ ಎಂಜಿಬಿ ಐದು ಲಕ್ಷದ ಗಡಿ ಸಮೀಪಿಸಿತ್ತು. ಅಷ್ಟೊಂದು ಕಾರುಗಳು, ಬಿಟ್ಟುಕೊಡದ ಅಷ್ಟೊಂದು ಮಾಲೀಕರು. ಬಿಡಿಭಾಗಗಳಿಗೆ ಬೇಡಿಕೆ ಇಳಿಯಲೇ ಇಲ್ಲ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು ಎಂಜಿಬಿಯ ಹೊಚ್ಚಹೊಸ ಮೈಗಳನ್ನು ತಯಾರಿಸತೊಡಗಿತು. ತುಕ್ಕು ತಿಂದ ಕಾರಿನ ಎಂಜಿನ್, ಆಕ್ಸಲ್, ಸೀಟುಗಳನ್ನು ಕಳಚಿ ಹೊಸ ಮೈಗೆ ಜೋಡಿಸುವುದು ಮನೆಯ ಗ್ಯಾರೇಜಿನಲ್ಲೇ ನಡೆಯುವ ಕೆಲಸವಾಯಿತು.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ದಿನಸಿ ತರಲು ಹೋದರೂ ಕೇಳುವವರಿಲ್ಲ. ಭಾರತದ 2021ರ ನಿಯಮ ಇಷ್ಟು ಧಾರಾಳವಲ್ಲ. ಐವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಕಾಣದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಆದರೆ ರ್‍ಯಾಲಿ, ಪ್ರದರ್ಶನ, ಇಂಧನ, ರಿಪೇರಿಯಂಥ ಕಾರಣಗಳಿಗಷ್ಟೇ ಅದು ರಸ್ತೆಗಿಳಿಯಬಹುದು. ಕರ್ನಾಟಕದಲ್ಲಿ ಟಿಸಿ ಇಟ್ಟುಕೊಂಡವರು ಈ ನೋಂದಣಿ ಪಡೆದರೆ ಅವರಿಗೂ ಇದೇ ಕಟ್ಟಳೆ.

ಕ್ಲಬ್ಬಿನ ಮುಂದೆ ಈಗಿರುವ ತಲೆನೋವು ಟಿಸಿಯಲ್ಲ, 1995ರ ಎಂಜಿಎಫ್. ಮರ, ಕಬ್ಬಿಣವನ್ನು ಯಾವ ಒಳ್ಳೆಯ ಕಸುಬುದಾರನೂ ಮತ್ತೆ ರೂಪಿಸಬಲ್ಲ. ಎಂಜಿಎಫ್‌ನ ಸಸ್ಪೆನ್ಶನ್ ನಿಂತಿರುವುದು ಸ್ಪ್ರಿಂಗ್ ಮೇಲಲ್ಲ, ದ್ರವ ಮತ್ತು ನೈಟ್ರೋಜನ್ ತುಂಬಿದ ಹೈಡ್ರಾಗ್ಯಾಸ್ ಗೋಳಗಳ ಮೇಲೆ. ವರ್ಷ ಕಳೆದಂತೆ ಅನಿಲ ಸೋರಿ ಕಾರು ಗಡುಸಾಗುತ್ತದೆ. 2002ರಲ್ಲಿ ಬಂದ ಟಿಎಫ್ ಮಾದರಿಗೆ ಕಂಪನಿಯೇ ಉಕ್ಕಿನ ಕಾಯಿಲ್ ಸ್ಪ್ರಿಂಗ್ ಹಾಕಿತು. ಹಳೆಯ ಗೋಳಗಳಿಗೆ ಮತ್ತೆ ಅನಿಲ ತುಂಬಿಸಿಕೊಂಡೇ ಓಡಿಸಬೇಕೋ, ಸ್ಪ್ರಿಂಗ್‌ಗೆ ಬದಲಾಯಿಸಬೇಕೋ ಎಂಬ ವಾದದಲ್ಲಿ ಎಂಜಿಎಫ್ ಮಾಲೀಕರು ಎರಡು ಪಂಗಡ.